ಹಾಡು ಒಳಕ್ಕೆ, ಫೋಟೊ ಹೊರಕ್ಕೆ: ಫೋನಿಗೆ ಯಾವ ಸಿಂಕ್ ಆರಿಸಬೇಕು?

ಹೊಸ ಫೋನು ಕೈಗೆ ಬಂದವರು ಕೇಳುವ ಪ್ರಶ್ನೆ ಹೆಚ್ಚಾಗಿ ಹೀಗಿರುತ್ತದೆ: "ಹಾಡು, ಫೋಟೊ ಎಲ್ಲವೂ ಕೇಬಲ್ ಚುಚ್ಚುವ ಗೋಜಿಲ್ಲದೆ ಕಂಪ್ಯೂಟರಿನ ಜೊತೆ ತಾವೇ ಹೊಂದಿಕೊಳ್ಳಬೇಕು. ಅಂಥದ್ದೊಂದು ಆ್ಯಪ್ ಹೇಳಿ." ಆ 'ಒಂದು' ಎಂಬಲ್ಲೇ ನನ್ನ ತಕರಾರು. ಹಾಡುಗಳು ಬೇರೆಲ್ಲಿಂದಲೋ ಫೋನಿನೊಳಕ್ಕೆ ಬರುವ ಸರಕು. ಫೋಟೊಗಳು ಫೋನಿನಲ್ಲೇ ಹುಟ್ಟಿ ಹೊರಕ್ಕೆ ಹೋಗಬೇಕಾದ ಸರಕು. ಹಾಡು ಅಳಿಸಿಹೋದರೆ ಮತ್ತೆ ತಂದುಕೊಳ್ಳಬಹುದು. ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೊ ಅಳಿಸಿಹೋದರೆ, ಇನ್ನೊಮ್ಮೆ ಮೊದಲ ಹೆಜ್ಜೆ ಇಡು ಎಂದು ಮಗುವಿಗೆ ಹೇಳಲಾದೀತೇ? ದಿಕ್ಕೂ ಬೇರೆ, ಬೆಲೆಯೂ ಬೇರೆಯಾದ ಇವೆರಡನ್ನು ಒಂದೇ ನೊಗಕ್ಕೆ ಕಟ್ಟಿದರೆ ಎತ್ತು ಏರಿಗೆಳೆಯುತ್ತದೆ, ಕೋಣ ನೀರಿಗೆಳೆಯುತ್ತದೆ.

ನಾನಿದನ್ನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಎರಡೂ ಕಡೆ ಸಿಂಕ್ ಮಾಡುವ ಒಂದು ಆ್ಯಪ್ ಹಾಕಿಕೊಂಡು, ಫೋನಿನ ಕ್ಯಾಮೆರಾ ಫೋಲ್ಡರನ್ನು ಲ್ಯಾಪ್‌ಟಾಪಿನ ಫೋಲ್ಡರಿಗೆ ಜೋಡಿಸಿದ್ದೆ. ತಿಂಗಳುಗಟ್ಟಲೆ ಸೊಗಸಾಗಿ ನಡೆಯಿತು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾಯಿತು. "ಹೇಗೂ ಫೋನಿನಲ್ಲಿವೆಯಲ್ಲ" ಎಂದುಕೊಂಡು ಅಲ್ಲಿನ ಹಳೆಯ ಫೋಟೊಗಳನ್ನು ಅಳಿಸಿದೆ. ಸಂಜೆಯ ಹೊತ್ತಿಗೆ ಫೋನಿನಲ್ಲೂ ಇರಲಿಲ್ಲ. ಆ್ಯಪಿನ ತಪ್ಪೇನೂ ಇಲ್ಲ. ಎರಡೂ ಕಡೆ ಒಂದೇ ಸಮ ಇಡು ಎಂದಿದ್ದೆ, ಇಟ್ಟಿತು. ಮನೆಯವರಿಗೆ ಮೆಸೇಜಿನಲ್ಲಿ ಕಳಿಸಿದ್ದ ಕುಗ್ಗಿದ ಪ್ರತಿಗಳಿಂದ ಸುಮಾರು ಅರ್ಧದಷ್ಟು ವಾಪಸು ಬಂದವು, ಅಷ್ಟೆ.

ಹಾಗಾಗಿ ಯಾವ ಆ್ಯಪ್ ಎಂದು ಕೇಳುವ ಮೊದಲು ನಾನು ಕೇಳಿಕೊಳ್ಳುವುದು ಇದು: ಇದರ ಮೂಲಪ್ರತಿ ಎಲ್ಲಿರಬೇಕು? ಹಾಡಿಗೆ ಕಂಪ್ಯೂಟರ್ ಮೂಲ, ಫೋನು ನಕಲು. ಫೋಟೊಗೆ ಮೊದಲ ದಿನ ಫೋನೇ ಮೂಲ, ಆಮೇಲೆ ಆ ಮೂಲ ಬೇರೆಲ್ಲಾದರೂ ಭದ್ರವಾಗಿ ನೆಲೆಸಬೇಕು. ಸಿಂಕ್ ಎಂದರೆ ಎರಡು ಕಡೆ ಒಂದೇ ಸಮ ಇರಿಸುವುದು, ಅಳಿಸಿದ್ದನ್ನೂ ಸೇರಿಸಿ. ಬ್ಯಾಕಪ್ ಎಂದರೆ ಇಲ್ಲಿ ಅಳಿಸಿದರೂ ಅಲ್ಲಿ ಉಳಿಯುವುದು. ಹಾಡಿಗೆ ಸಿಂಕ್ ಸಾಕು. ಫೋಟೊಗೆ ಬ್ಯಾಕಪ್ಪೇ ಬೇಕು.

ಹಾಡು: ಬಾಡಿಗೆಯದೋ, ಸ್ವಂತದ್ದೋ?

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಬಳಸುವವರಿಗೆ ಸಿಂಕ್ ಎಂಬ ತಲೆನೋವೇ ಇಲ್ಲ. ಲಾಗಿನ್ ಆದರೆ ಪಟ್ಟಿಗಳೆಲ್ಲ ಹೊಸ ಫೋನಿಗೆ ಬಂದು ಕೂರುತ್ತವೆ. ಆದರೆ ಅದು ಬಾಡಿಗೆ ಮನೆ. ಅಲ್ಲಿ ಡೌನ್‌ಲೋಡ್ ಮಾಡಿದ ಹಾಡು ಆ ಆ್ಯಪಿನೊಳಗೆ ಮಾತ್ರ ಹಾಡುತ್ತದೆ, ಕೇಬಲ್ ಚುಚ್ಚಿ ಎತ್ತಿಕೊಳ್ಳಲು ಬರುವುದಿಲ್ಲ. ಸ್ಪಾಟಿಫೈನಲ್ಲಾದರೆ ಒಟ್ಟು 5 ಸಾಧನಗಳಲ್ಲಿ, ಒಂದೊಂದರಲ್ಲೂ 10,000 ಹಾಡುಗಳವರೆಗೆ ಇಳಿಸಿಕೊಳ್ಳಬಹುದು. 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಬಂದು ಹಾಜರಿ ಹಾಕದಿದ್ದರೆ ಅವು ಬಂದ್. ಹಕ್ಕುಸ್ವಾಮ್ಯದ ಕರಾರು ಮುಗಿದ ಹಾಡುಗಳು ಹೇಳದೆ ಕೇಳದೆ ಪಟ್ಟಿಯಿಂದ ಎದ್ದುಹೋಗುವುದೂ ಉಂಟು. ಬೂದುಬಣ್ಣಕ್ಕೆ ತಿರುಗಿದ ಆ ಹೆಸರನ್ನು ನೋಡಿದಾಗಲೆಲ್ಲ ನನಗೆ ಸಣ್ಣ ಸಿಟ್ಟು ಬರುತ್ತದೆ.

ಸೇವೆ ಮುಚ್ಚಿದರೆ? ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಅಲ್ಲಿ ತಮ್ಮದೇ ಹಾಡುಗಳನ್ನು ಏರಿಸಿಟ್ಟವರಿಗೆ ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳುವ ದಾರಿಯನ್ನೇನೋ ಕೊಟ್ಟರು. ಆದರೂ ಗಂಟು ಮೂಟೆ ಕಟ್ಟುವ ಕೆಲಸ ಬಾಡಿಗೆದಾರನದೇ ಆಯಿತು.

ಹೊಸ ಹಾಡುಗಳನ್ನು ಹುಡುಕುತ್ತ, ಇಂದು ಕೇಳಿದ್ದನ್ನು ನಾಳೆ ಮರೆಯುವ ಕೇಳುಗರಿಗೆ ಬಾಡಿಗೆಯೇ ಲೇಸು. ಕೇಳುವಿಕೆ ಹೆಚ್ಚಾಗಿ ಸಂಚಾರದಲ್ಲೇ ನಡೆಯುವುದಾದರೆ ಡೇಟಾ ಲೆಕ್ಕ ಮಾತ್ರ ನೆನಪಿರಲಿ: 320 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಗುಣಮಟ್ಟದಲ್ಲಿ ಗಂಟೆಗೆ 144 ಎಂಬಿ. ಸಿಡಿಗಳಿಂದ ತೆಗೆದದ್ದು, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು, ಗೆಳೆಯರ ಕಛೇರಿಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು ಎಂದು ಸ್ವಂತ ಸಂಗ್ರಹ ಇರುವವರಿಗೆ ಮಾತ್ರ ಮುಂದಿನ ಗೊಡವೆ.

ಸ್ವಂತ ಹಾಡಿನಲ್ಲಿ ಮೊದಲ ಆಯ್ಕೆ ಫೈಲಿನ ರೂಪದ್ದು. 128 ಕೆಬಿಪಿಎಸ್ ಎಂಪಿ3 ಎಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. 320 ಆದರೆ 2.4 ಎಂಬಿ. ಸಿಡಿಯ ಕಚ್ಚಾ ಧ್ವನಿ 1411 ಕೆಬಿಪಿಎಸ್, ಅಂದರೆ ನಿಮಿಷಕ್ಕೆ 10 ಎಂಬಿಗೂ ಮಿಕ್ಕು. ಒಂದಿಷ್ಟೂ ನಷ್ಟವಿಲ್ಲದೆ ಕುಗ್ಗಿಸುವ ಫ್ಲ್ಯಾಕ್ ಅದನ್ನು ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲಿನೊಳಗೆ ತರುತ್ತದೆ. 5 ನಿಮಿಷದ ಹಾಡೆಂದು ಹಿಡಿದರೆ 64 ಜಿಬಿಯಲ್ಲಿ 320ರ ಎಂಪಿ3 ಸುಮಾರು 5,000 ಹಿಡಿಸುತ್ತವೆ, ಫ್ಲ್ಯಾಕ್ ಆದರೆ 2,000ದ ಆಸುಪಾಸು.

ಇಲ್ಲಿ ಅನೇಕರು ಫ್ಲ್ಯಾಕ್ ಕಡೆಗೇ ವಾಲುತ್ತಾರೆ. ಅವರನ್ನು ಕೇಳಬೇಕಾದ್ದು, ಕಿವಿಗೆ ಹಾಕಿಕೊಳ್ಳುವುದು ಏನು ಎಂದು. ಬ್ಲೂಟೂತ್ ಇಯರ್‌ಫೋನ್ ಆದರೆ ಫೋನು ಆ ಹಾಡನ್ನು ಮತ್ತೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ. ಎಲ್ಲ ಇಯರ್‌ಫೋನ್‌ಗಳಿಗೂ ಗೊತ್ತಿರುವ ಎಸ್‌ಬಿಸಿ ಎಂಬ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಬಿಚ್ಚುವ ವಿಧಾನ) ಸಾಮಾನ್ಯವಾಗಿ 328 ಕೆಬಿಪಿಎಸ್‌ವರೆಗೆ ಹೋಗುತ್ತದೆ. 2017ರ ಆಂಡ್ರಾಯ್ಡ್ 8ರಿಂದ ಎಲ್ಲರಿಗೂ ಸಿಕ್ಕ ಎಲ್‌ಡ್ಯಾಕ್ ಕೂಡ 990ಕ್ಕೆ ನಿಲ್ಲುತ್ತದೆ, ಅದೂ ಸಿಗ್ನಲ್ ಚೆನ್ನಾಗಿದ್ದರೆ. ಐಫೋನಿನಲ್ಲಿ ಎಲ್‌ಡ್ಯಾಕ್ ಇಲ್ಲ, ಅಲ್ಲಿ ಎಎಸಿ. 1411 ಹೊತ್ತು ತಂದು 328ರ ತೂಬಿನಲ್ಲಿ ಹರಿಸುವುದಾದರೆ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನೆನೆಯಬೇಕಾಗುತ್ತದೆ.

ನನ್ನ ಸಲಹೆ: ಫ್ಲ್ಯಾಕ್ ಕಂಪ್ಯೂಟರಿನಲ್ಲೇ ಇರಲಿ, ಫೋನಿಗೆ ಎಂಪಿ3ಯಂತೆಯೇ ಕುಗ್ಗಿದ ರೂಪಗಳಾದ 256ರ ಎಎಸಿ ಅಥವಾ 160ರ ಓಪಸ್ ಪ್ರತಿ ಹೋಗಲಿ. ವಿಂಡೋಸ್‌ನಲ್ಲಿ ಓಡುವ ಮ್ಯೂಸಿಕ್‌ಬೀ ಎಂಬ ಹಾಡಿನ ತಂತ್ರಾಂಶ ಫೋನಿಗೆ ಸಾಗಿಸುವಾಗಲೇ ಈ ಪರಿವರ್ತನೆಯನ್ನೂ ಮಾಡಿಕೊಡುತ್ತದೆ. ತಂತಿಯ ಹೆಡ್‌ಫೋನ್ ಹಾಕಿಕೊಂಡು ಕಣ್ಣುಮುಚ್ಚಿ ಕೂತು ಕೇಳುವವರು ಈ ಮಾತಿಗೆ ಹೊರತು.

ಆಂಡ್ರಾಯ್ಡ್‌ಗೆ ಹಾಡು ತುಂಬುವುದು

ಇದು ಸಲೀಸು. ಕೇಬಲ್ ಚುಚ್ಚಿ, 'ಫೈಲ್ ವರ್ಗಾವಣೆ' ಆರಿಸಿ, ಮ್ಯೂಸಿಕ್ ಫೋಲ್ಡರಿಗೆ ಸುರಿದರೆ ಮುಗಿಯಿತು. ಫೋನು ಪೆನ್‌ಡ್ರೈವಿನಂತೆ ಏಕೆ ಕಾಣುವುದಿಲ್ಲ ಎಂದು ಕೆಲವರಿಗೆ ಅನ್ನಿಸಿರಬಹುದು. ಹಳೆಯ ಆಂಡ್ರಾಯ್ಡ್ ಫೋನುಗಳು ಹಾಗೇ ಕಾಣುತ್ತಿದ್ದವು. ಆದರೆ ಆಗ ಕಂಪ್ಯೂಟರ್ ಕೈಗೆ ಮೆಮೊರಿ ಕಾರ್ಡನ್ನು ಪೂರ್ತಿ ಒಪ್ಪಿಸಿ ಫೋನು ಸುಮ್ಮನೆ ಕೂರಬೇಕಿತ್ತು. 2011ರ ಆಂಡ್ರಾಯ್ಡ್ 3ರಿಂದ ಎಂಟಿಪಿ ಎಂಬ ಕಡತ ಸಾಗಿಸುವ ಪದ್ಧತಿ ಬಂತು. ಇದರಲ್ಲಿ ಕಡತಗಳ ಯಜಮಾನಿಕೆ ಫೋನಿನದೇ, ಕಂಪ್ಯೂಟರ್ ಒಂದೊಂದನ್ನಾಗಿ ಕೇಳಿ ಪಡೆಯುತ್ತದೆ. ಸಾವಿರಾರು ಸಣ್ಣ ಫೈಲುಗಳಿದ್ದಾಗ ಎಂಟಿಪಿ ತೆವಳುವುದು ಇದರಿಂದಲೇ. ಮ್ಯಾಕ್ ಕಂಪ್ಯೂಟರಿನಲ್ಲಿ ಎಂಟಿಪಿಗೆ ಬೆಂಬಲವೇ ಇಲ್ಲ. ಓಪನ್‌ಎಂಟಿಪಿಯಂಥ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ತಂತಿಯಿಲ್ಲದೆ ಆಗಬೇಕೆಂದರೆ ಎರಡು ಒಳ್ಳೆಯ ದಾರಿಗಳಿವೆ. ಮೀಡಿಯಾಮಂಕಿಯ ವಿಂಡೋಸ್ ಮತ್ತು ಆಂಡ್ರಾಯ್ಡ್ ಆವೃತ್ತಿಗಳು ವೈಫೈ ಮೂಲಕ ಒಂದಕ್ಕೊಂದು ಮಾತಾಡಿಕೊಂಡು, ಹಾಡಿನ ಜೊತೆಗೆ ಪ್ಲೇಲಿಸ್ಟ್, ಎಷ್ಟು ಸಲ ಕೇಳಿದ್ದೀರಿ ಎಂಬುದನ್ನೂ ಸಾಗಿಸುತ್ತವೆ. ಇಷ್ಟೆಲ್ಲ ಬೇಡ, ಫೋಲ್ಡರ್ ಒಂದೇ ಸಮ ಇದ್ದರೆ ಸಾಕು ಎನ್ನುವವರಿಗೆ ಸಿಂಕ್‌ಥಿಂಗ್. ನಡುವೆ ಯಾರ ಸರ್ವರಿನಲ್ಲೂ ನಿಮ್ಮ ಕಡತ ಕೂರುವುದಿಲ್ಲ, ಎರಡು ಯಂತ್ರಗಳು ನೇರ ಮಾತಾಡುತ್ತವೆ. ಅದರ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿತು. ಈಗ ಬಳಸಬೇಕಾದ್ದು ಸಿಂಕ್‌ಥಿಂಗ್-ಫೋರ್ಕ್ ಎಂಬ ಕವಲನ್ನು. ಕಂಪ್ಯೂಟರಿನ ಕಡೆ 'ಕಳಿಸುವುದು ಮಾತ್ರ', ಫೋನಿನ ಕಡೆ 'ಪಡೆಯುವುದು ಮಾತ್ರ' ಎಂದು ಹೊಂದಿಸಿದರೆ ಫೋನಿನಲ್ಲಿ ಕೈತಪ್ಪಿ ಅಳಿಸಿದ ಹಾಡಿನಿಂದ ಮೂಲ ಸಂಗ್ರಹಕ್ಕೆ ಧಕ್ಕೆಯಿಲ್ಲ.

ಐಫೋನಿಗೆ ಹಾಡು ತುಂಬುವುದು

ಇಲ್ಲಿ ಫೋಲ್ಡರಿಗೆ ಸುರಿಯುವ ಮಾತಿಲ್ಲ. ಮ್ಯಾಕ್‌ನಲ್ಲಿ ಫೈಂಡರ್, ವಿಂಡೋಸ್‌ನಲ್ಲಿ ಆ್ಯಪಲ್ ಡಿವೈಸಸ್ ಅಥವಾ ಹಳೆಯ ಐಟ್ಯೂನ್ಸ್ ಮೂಲಕವೇ ಹೋಗಬೇಕು. ಆ್ಯಪಲ್ ಈ ಬಾಗಿಲನ್ನು ಎಷ್ಟು ಬಿಗಿಯಾಗಿ ಕಾದಿದೆ ಎನ್ನುವುದಕ್ಕೆ 2009ರ ಪಾಮ್ ಪ್ರೀ ಪ್ರಸಂಗ ಸಾಕ್ಷಿ. ಆ ಫೋನು ಕೇಬಲಿನಲ್ಲಿ ತಾನೊಂದು ಐಪಾಡ್ ಎಂದು ಐಟ್ಯೂನ್ಸ್‌ಗೆ ಸುಳ್ಳು ಹೇಳಿ ಹಾಡು ತುಂಬಿಸಿಕೊಳ್ಳುತ್ತಿತ್ತು. ಜುಲೈನಲ್ಲಿ ಆ್ಯಪಲ್ ಅದನ್ನು ಮುಚ್ಚಿತು, ಪಾಮ್ ಮತ್ತೆ ಕಿಂಡಿ ತೆರೆಯಿತು, ಸೆಪ್ಟೆಂಬರಿನಲ್ಲಿ ಐಟ್ಯೂನ್ಸ್ 9 ಮತ್ತೆ ಮುಚ್ಚಿತು. ಬೆಕ್ಕು ಇಲಿಯ ಆಟವನ್ನು ನೋಡಿ ನಗುವುದೊಂದು ಬಿಟ್ಟು ಬಳಕೆದಾರರಿಗೆ ಬೇರೆ ಲಾಭವಾಗಲಿಲ್ಲ.

ವೈಫೈ ಸಿಂಕ್ 2011ರ ಐಒಎಸ್ 5ರಿಂದಲೂ ಇದೆ. ಮೊದಲ ಸಲ ಕೇಬಲ್ ಚುಚ್ಚಿ, 'ವೈಫೈನಲ್ಲಿದ್ದಾಗಲೂ ಈ ಐಫೋನ್ ತೋರಿಸು' ಎಂಬುದಕ್ಕೆ ಗುರುತು ಹಾಕಿದರೆ ಸಾಕು. ಮೂರು ತೊಡಕುಗಳನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಒಂದು ಐಫೋನು ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನ ಸಂಗ್ರಹಕ್ಕೆ ನಿಷ್ಠ. ಇನ್ನೊಂದಕ್ಕೆ ಜೋಡಿಸಿ 'ಅಳಿಸಿ ಸಿಂಕ್ ಮಾಡು' ಎಂದರೆ ಇದ್ದ ಹಾಡುಗಳು ಹೋಗುತ್ತವೆ. ಆ್ಯಪಲ್ ಮ್ಯೂಸಿಕ್ ಚಂದಾದಾರರು 'ಸಿಂಕ್ ಲೈಬ್ರರಿ' ಆನ್ ಮಾಡಿಕೊಂಡಿದ್ದರೆ ಕೇಬಲಿನಿಂದ ಹಾಡು ತುಂಬಲು ಬಿಡುವುದಿಲ್ಲ, ಸಂಗ್ರಹ ಐಕ್ಲೌಡ್ ಮೂಲಕವೇ ಓಡಾಡಬೇಕು. ಫ್ಲ್ಯಾಕ್ ಫೈಲುಗಳನ್ನು ಮ್ಯೂಸಿಕ್ ಆ್ಯಪ್ ಮುಟ್ಟುವುದೇ ಇಲ್ಲ, ಆ್ಯಪಲ್‌ನದೇ ನಷ್ಟವಿಲ್ಲದ ರೂಪವಾದ ಎಎಲ್‌ಎಸಿಗೆ ಬದಲಿಸಿಕೊಳ್ಳಬೇಕು.

ಇವೆಲ್ಲ ಕಿರಿಕಿರಿ ಎನ್ನಿಸಿದರೆ ವಿಎಲ್‌ಸಿ ಎಂಬ ಉಚಿತ ಆ್ಯಪ್ ಹಾಕಿ. ಅದರೊಳಗೆ ವೈಫೈ ಹಂಚಿಕೆ ಆನ್ ಮಾಡಿದರೆ ಒಂದು ವಿಳಾಸ ತೋರಿಸುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನು ಬರೆದು ತೆರೆದ ಪುಟಕ್ಕೆ ಹಾಡುಗಳನ್ನು ಎಳೆದು ಬಿಟ್ಟರೆ ಫೋನಿಗೆ ಬಂದು ಬೀಳುತ್ತವೆ, ಫ್ಲ್ಯಾಕ್ ಕೂಡ. ಐಫೋನಿನಲ್ಲಿ ಸ್ವಂತ ಸಂಗ್ರಹ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎರಡು ಫೋನಿಗೂ ಸಲ್ಲುವ ಒಂದು ಮಾತು, ಹಾಡಿನ ಹೆಸರುಪಟ್ಟಿಯದು. ಎಂಪಿ3ಯೊಳಗೆ ಹಾಡಿನ ಹೆಸರು, ಆಲ್ಬಮ್, ಗಾಯಕರು ಇರುವುದು ಐಡಿ3 ಟ್ಯಾಗಿನಲ್ಲಿ. 1996ರ ಮೊದಲ ಆವೃತ್ತಿಯಲ್ಲಿ ಹೆಸರಿಗೆ ಇದ್ದ ಜಾಗ 30 ಬೈಟ್ ಮಾತ್ರ, ಯುನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಕನ್ನಡದಂಥ ಲಿಪಿಯಲ್ಲಿ ಬರೆದ ಹೆಸರು ಪ್ರಶ್ನೆಚಿಹ್ನೆಗಳ ಸಾಲಾಗುವುದಕ್ಕೆ ಸಾಮಾನ್ಯ ಕಾರಣ ಇಂಥ ಹಳೆಯ ಟ್ಯಾಗು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಐಡಿ3 ಎರಡನೆಯ ಆವೃತ್ತಿಗೆ ಬದಲಿಸಿ ಉಳಿಸಿದರೆ ಸರಿಹೋಗುತ್ತದೆ. ಹಾಡಿನ ಕ್ರಮಸಂಖ್ಯೆಯನ್ನೂ ಆಗಲೇ ತುಂಬಿಬಿಡಿ. ಇಲ್ಲದಿದ್ದರೆ ಕೆಲವು ಆ್ಯಪ್‌ಗಳು 1 ಆದಮೇಲೆ 10, 11, ಆಮೇಲೆ 2 ಎಂದು ನುಡಿಸುತ್ತವೆ. ಕಥೆ ಓದಿಸುವ ಆಡಿಯೊ ಪುಸ್ತಕದಲ್ಲಿ ಹೀಗಾದಾಗ ಹತ್ತನೆಯ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ಗೊತ್ತಾಗಿ ನನ್ನ ಒಂದು ವಾರದ ಸುಖ ಹಾಳಾಗಿತ್ತು.

ಫೋಟೊ: ಇಲ್ಲಿ ಅವಸರ ಬೇಡ

ಮೊದಲು ಗಾತ್ರ. 12 ಮೆಗಾಪಿಕ್ಸೆಲ್ ಫೋಟೊ ಜೆಪೆಗ್ ರೂಪದಲ್ಲಿ ಕೆಲವೇ ಎಂಬಿ. 2017ರ ಐಒಎಸ್ 11ರಿಂದ ಐಫೋನು ಬಳಸುವ ಎಚ್‌ಇಐಸಿಯಲ್ಲಿ ಅದರ ಅರ್ಧದಷ್ಟು. ಜಾಗ ತಿನ್ನುವುದು ವಿಡಿಯೊ. ಐಫೋನಿನಲ್ಲಿ 4ಕೆ ವಿಡಿಯೊ ಸೆಕೆಂಡಿಗೆ 30 ಚೌಕಟ್ಟಿನಂತೆ ತೆಗೆದರೆ ನಿಮಿಷಕ್ಕೆ ಸುಮಾರು 170 ಎಂಬಿ, 60ರಂತೆ ತೆಗೆದರೆ 400 ಎಂಬಿ. ಐಕ್ಲೌಡ್ ಉಚಿತವಾಗಿ ಕೊಡುವ 5 ಜಿಬಿ ಅರ್ಧ ಗಂಟೆಯ ವಿಡಿಯೊಗೆ ಮುಗಿಯಿತು. ಗೂಗಲ್ ಕೊಡುವ 15 ಜಿಬಿ ಒಂದೂವರೆ ಗಂಟೆಗೆ, ಅದರಲ್ಲೂ ಜಿಮೇಲ್ ಮತ್ತು ಡ್ರೈವ್ ಪಾಲು ಕೇಳುತ್ತವೆ. ಉಚಿತದ ನಂಬಿಕೆಯಲ್ಲಿ ಯೋಜನೆ ಹಾಕಬೇಡಿ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ಅಳತೆ ಮಿತಿಯಿಲ್ಲದ ಉಚಿತ ಜಾಗ ಎಂದಿತ್ತು. 2021ರ ಜೂನ್ 1ಕ್ಕೆ ಅದು ಮುಗಿಯಿತು.

ಐಕ್ಲೌಡ್ ಫೋಟೋಸ್ ಮತ್ತು ಗೂಗಲ್ ಫೋಟೋಸ್ ನಡುವೆ ಆರಿಸುವಾಗ ಜನ ಜಾಗ, ಹುಡುಕಾಟ, ಮುಖ ಗುರುತಿಸುವಿಕೆ ಇವನ್ನೇ ಹೋಲಿಸುತ್ತಾರೆ. ನಾನು ನೋಡುವುದು ಅಳಿಸಿದರೆ ಏನಾಗುತ್ತದೆ ಎಂಬುದನ್ನು.

ಐಕ್ಲೌಡ್ ಫೋಟೋಸ್ ಅಪ್ಪಟ ಸಿಂಕ್. ಫೋನಿನಲ್ಲಿ ಅಳಿಸಿದ ಚಿತ್ರ ಐಪ್ಯಾಡಿನಿಂದಲೂ ಮ್ಯಾಕಿನಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಜೊತೆಗೆ 'ಸ್ಟೋರೇಜ್ ಆಪ್ಟಿಮೈಸ್' ಎಂಬ ಆಯ್ಕೆ ಆನ್ ಆಗಿದ್ದರೆ ಫೋನಿನಲ್ಲಿ ಉಳಿಯುವುದು ಚಿಕ್ಕ ಪ್ರತಿ, ಪೂರ್ಣ ಗಾತ್ರದ್ದು ಐಕ್ಲೌಡಿನಲ್ಲಿ ಮಾತ್ರ. ಇದನ್ನರಿಯದೆ ಕೇಬಲ್ ಚುಚ್ಚಿ "ಎಲ್ಲವನ್ನೂ ಕಾಪಿ ಮಾಡಿಕೊಂಡೆ" ಎಂದು ನೆಮ್ಮದಿಯಾಗಿರುವವರಿದ್ದಾರೆ. ಅವರ ಬಳಿ ಇರುವುದು ಫೋನಿನಲ್ಲಿ ಉಳಿದಿದ್ದಷ್ಟು ಮಾತ್ರ.

ಗೂಗಲ್ ಫೋಟೋಸ್‌ನಲ್ಲಿ ಗೊಂದಲ ಇನ್ನೊಂದು ಬಗೆಯದು. ಅಲ್ಲಿ 'ಜಾಗ ಖಾಲಿ ಮಾಡು' ಎಂದರೆ ಬ್ಯಾಕಪ್ ಆದ ಚಿತ್ರಗಳ ಫೋನಿನ ಪ್ರತಿಯಷ್ಟೇ ಹೋಗುತ್ತದೆ, ಮೋಡದಲ್ಲಿ, ಅಂದರೆ ಗೂಗಲ್‌ನ ಸರ್ವರಿನಲ್ಲಿ, ಇರುವುದು ಉಳಿಯುತ್ತದೆ. ಅದೇ ಆ್ಯಪಿನಲ್ಲಿ ಚಿತ್ರ ಆರಿಸಿ ಕಸದ ಬುಟ್ಟಿಯ ಗುರುತು ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರಕ್ಕೆ ಕಸದ ಬುಟ್ಟಿಯಲ್ಲಿ 60 ದಿನ ಗಡುವು. ಹತ್ತಿರ ಹತ್ತಿರ ಇರುವ ಎರಡು ಗುಂಡಿ, ತದ್ವಿರುದ್ಧ ಫಲ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಹಾಕಿಕೊಟ್ಟರೆ ಈ ವ್ಯತ್ಯಾಸವನ್ನು ಕೂತು ತೋರಿಸಿ. 'ಸ್ಟೋರೇಜ್ ಸೇವರ್' ಗುಣಮಟ್ಟ ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ 16ಕ್ಕೆ, ವಿಡಿಯೊ 1080ಪಿಗೆ ಇಳಿಯುತ್ತವೆ ಎಂಬುದೂ ನೆನಪಿರಲಿ. ಬೇರೆ ಕಡೆ ಮೂಲ ಇಟ್ಟುಕೊಂಡವರು ಇದನ್ನು ಧಾರಾಳವಾಗಿ ಆರಿಸಬಹುದು, ಇದೊಂದೇ ಪ್ರತಿ ಎನ್ನುವವರು ಬೇಡ.

ಎಲ್ಲರ ಕೈಯಲ್ಲೂ ಐಫೋನು ಮತ್ತು ಮ್ಯಾಕ್ ಇರುವ ಮನೆಗೆ ಐಕ್ಲೌಡ್ ಹಿತ. ಒಬ್ಬರ ಕೈಯಲ್ಲಿ ಐಫೋನು, ಇನ್ನೊಬ್ಬರ ಕೈಯಲ್ಲಿ ಆಂಡ್ರಾಯ್ಡ್ ಇದ್ದರೆ ಗೂಗಲ್ ಫೋಟೋಸ್. ಅದು ಎರಡರಲ್ಲೂ ಪೂರ್ತಿ ಆ್ಯಪಾಗಿ ಓಡುತ್ತದೆ, ಐಕ್ಲೌಡ್ ಫೋಟೋಸ್ ಆಂಡ್ರಾಯ್ಡ್‌ನಲ್ಲಿ ಬ್ರೌಸರಿನ ಕಿಟಕಿಯಿಂದ ಇಣುಕಿ ನೋಡಬೇಕು. ಎರಡೂ ಆ್ಯಪನ್ನು ಒಂದೇ ಐಫೋನಿನಲ್ಲಿ ಒಟ್ಟಿಗೆ ಓಡಿಸುವವರು, ಒಂದರಲ್ಲಿ ಅಳಿಸಿದ್ದು ಇನ್ನೊಂದರ ಮೇಲೆ ಹೇಗೆ ಬೀಳುತ್ತದೆ ಎಂದು ಒಂದು ಬೇಡದ ಚಿತ್ರದಿಂದ ಪರೀಕ್ಷಿಸಿಕೊಂಡೇ ಮುಂದುವರಿಯಲಿ.

ಯಾವುದನ್ನು ಆರಿಸಿದರೂ ಎರಡನೆಯ ಪ್ರತಿಯೊಂದು ನಿಮ್ಮ ಕೈಯಳತೆಯಲ್ಲಿ ಇರಬೇಕು ಎಂಬುದು ನನ್ನ ಹಟ. ಖಾತೆಗೆ ಬೀಗ ಬಿದ್ದರೆ, ಪಾಸ್‌ವರ್ಡ್ ಕಳೆದರೆ ಮೋಡದಲ್ಲಿರುವುದು ಆಕಾಶದಲ್ಲಿರುವುದೇ. ಈ ಮನೆಯ ಪ್ರತಿಗೆ ವೈಫೈ ತುಂಬ ಒಗ್ಗುತ್ತದೆ. ಫೋಟೊಸಿಂಕ್ ಎಂಬ ಆ್ಯಪ್ ಐಫೋನು, ಆಂಡ್ರಾಯ್ಡ್ ಎರಡರಲ್ಲೂ ಇದೆ. ಹೊಸ ಫೋಟೊಗಳನ್ನು ಕಂಪ್ಯೂಟರಿಗೋ ಮನೆಯ ನ್ಯಾಸ್ ಪೆಟ್ಟಿಗೆಗೋ (ಮನೆಯ ಜಾಲಕ್ಕೆ ಜೋಡಿಸಿದ ಡಿಸ್ಕ್) ಒಂದೇ ದಿಕ್ಕಿನಲ್ಲಿ ನಕಲು ಮಾಡುತ್ತದೆ. ಫೋನಿನಲ್ಲಿ ಆಮೇಲೆ ಅಳಿಸಿದರೆ ಅಲ್ಲಿ ಏನೂ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ, ತಿಳಿಯಲು ಎರಡು ವರ್ಷದ ಫೋಟೊ ಖರ್ಚಾಯಿತು.

ಇದೇ ಕೆಲಸಕ್ಕೆ ಸಿಂಕ್‌ಥಿಂಗ್ ಬಳಸುವವರಿಗೊಂದು ಎಚ್ಚರಿಕೆ. ಫೋನನ್ನು 'ಕಳಿಸುವುದು ಮಾತ್ರ' ಎಂದು ಇಟ್ಟರೆ ಸುರಕ್ಷಿತ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಅಳಿಸಿದ ಸುದ್ದಿಯೂ 'ಕಳಿಸುವ' ಸಂಗತಿಯೇ. ಫೋನಿನಲ್ಲಿ ಹೋದದ್ದು ಕಂಪ್ಯೂಟರಿನಲ್ಲೂ ಹೋಗುತ್ತದೆ. ಕಂಪ್ಯೂಟರಿನ ಕಡೆ 'ಫೈಲ್ ವರ್ಷನಿಂಗ್' ಆನ್ ಮಾಡಿ ಕಸದ ಬುಟ್ಟಿಯ ವಿಧಾನ ಆರಿಸಿದರೆ ಮಾತ್ರ ಹೋದದ್ದು ಅಲ್ಲೊಂದು ಮೂಲೆಯಲ್ಲಿ ಉಳಿಯುತ್ತದೆ. ಐಫೋನಿನಲ್ಲಂತೂ ಇಂಥ ಆ್ಯಪ್‌ಗಳು ಹಿನ್ನೆಲೆಯಲ್ಲಿ ಮನಬಂದಷ್ಟು ಹೊತ್ತು ಓಡಲು ವ್ಯವಸ್ಥೆ ಬಿಡುವುದಿಲ್ಲ. ಆಗಾಗ ತೆರೆದು ಮುಂದೆ ಇಟ್ಟುಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲೂ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಅವನ್ನು ಮಲಗಿಸುತ್ತದೆ, ಆ ಆ್ಯಪಿಗೆ ಮಾತ್ರ ಬ್ಯಾಟರಿ ನಿರ್ಬಂಧ ಸಡಿಲಿಸಬೇಕು.

ಇಮಿಚ್, ನೆಕ್ಸ್ಟ್‌ಕ್ಲೌಡ್‌ನಂಥ ತಂತ್ರಾಂಶ ಹಾಕಿ ಮನೆಯಲ್ಲೇ ಸ್ವಂತ ಸರ್ವರ್ ನಡೆಸುವ ದಾರಿಯೂ ಇದೆ. ನಡೆಸುವುದೇ ಹವ್ಯಾಸ ಎನ್ನುವವರಿಗೆ ಅದು ಚೆನ್ನ. ಉಳಿದವರು, ಡಿಸ್ಕ್ ಕೆಟ್ಟ ದಿನ ಮನೆಯವರೆಲ್ಲ ತಮ್ಮನ್ನೇ ನೋಡುತ್ತಾರೆ ಎಂಬುದನ್ನು ಯೋಚಿಸಿ ಕೈ ಹಾಕಲಿ.

ಇನ್ನು ಮೆಸೇಜ್ ಆ್ಯಪ್‌ಗಳಲ್ಲಿ ಫೋಟೊ ಕಳಿಸಿಕೊಂಡು ಅದನ್ನೇ 'ಸಿಂಕ್' ಎಂದುಕೊಂಡವರ ವಿಷಯ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ತೆಗೆದ ದಿನ, ಸ್ಥಳ ಹೇಳುವ ಎಕ್ಸಿಫ್ ಮಾಹಿತಿಯೂ ಉದುರಿಹೋಗುತ್ತದೆ. ಐದು ವರ್ಷದ ಹಿಂದಿನ ಮದುವೆಯ ಚಿತ್ರ ಇವತ್ತಿನ ತಾರೀಖಿನಲ್ಲಿ ಗ್ಯಾಲರಿಗೆ ಬಂದು ಕೂರುವುದು ಹೀಗೆ. ಮೂಲವೇ ಹೋಗಬೇಕೆಂದರೆ 'ಡಾಕ್ಯುಮೆಂಟ್' ಎಂದು ಕಳಿಸಿ. ಅಪರಿಚಿತರಿಗೆ ಕಳಿಸುವಾಗ ಮಾತ್ರ ಈ ಉದುರುವಿಕೆಯೇ ಒಳ್ಳೆಯದು, ಮನೆಯ ಜಿಪಿಎಸ್ ಗುರುತು ಚಿತ್ರದ ಜೊತೆ ಹೋಗುವುದಿಲ್ಲ.

ತಂತಿಯೋ, ಗಾಳಿಯೋ?

ಒಂದು ಜಿಬಿ ವಿಡಿಯೊ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಬೇಕು ಎನ್ನಿ. ಬ್ಲೂಟೂತ್‌ನಲ್ಲಿ, ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ, ಒಂದು ಗಂಟೆಗೂ ಮಿಕ್ಕು. 2.4 ಗಿಗಾಹರ್ಟ್ಸ್ ವೈಫೈನಲ್ಲಿ 40 ಮೆಗಾಬಿಟ್ ಸಿಕ್ಕರೆ ಮೂರೂವರೆ ನಿಮಿಷ. 5 ಗಿಗಾಹರ್ಟ್ಸ್‌ನಲ್ಲಿ ರೂಟರ್ ಹತ್ತಿರ ಕೂತು 250 ಮೆಗಾಬಿಟ್ ಬಂದರೆ ಅರ್ಧ ನಿಮಿಷ. ಯುಎಸ್‌ಬಿ 2 ಕೇಬಲಿನಲ್ಲೂ ಹೆಚ್ಚುಕಡಿಮೆ ಅರ್ಧ ನಿಮಿಷವೇ. ಬ್ಲೂಟೂತ್ ಫೈಲ್ ಸಾಗಿಸುವುದಕ್ಕಲ್ಲ ಎಂಬುದು ಇಷ್ಟರಲ್ಲೇ ಇತ್ಯರ್ಥ.

ದಿನದಿನದ ಹತ್ತಿಪ್ಪತ್ತು ಫೋಟೊಗಳಿಗೆ ವೈಫೈ ಸಾಕೋ ಸಾಕು. ಆದರೆ ಮೊದಲ ಸಲದ 100 ಜಿಬಿಗೆ ಕೇಬಲ್ ಬಿಟ್ಟು ಬೇರೆ ಮಾತಾಡಬೇಡಿ: 2.4 ಗಿಗಾಹರ್ಟ್ಸ್‌ನಲ್ಲಿ ಐದಾರು ಗಂಟೆ ಹಿಡಿಯುವುದು ಕೇಬಲಿನಲ್ಲಿ ಒಂದು ಗಂಟೆಯ ಒಳಗೆ ಮುಗಿಯುತ್ತದೆ, ನಡುವೆ ಕಡಿದುಹೋಗುವ ಭಯವೂ ಕಡಿಮೆ. ಟೈಪ್-ಸಿ ತೂತು ಕಂಡ ಮಾತ್ರಕ್ಕೆ ವೇಗ ಬರುವುದಿಲ್ಲ ಎಂಬುದು ಇನ್ನೊಂದು ಸೂಕ್ಷ್ಮ. ಐಫೋನ್ 15ರ ತೂತು 480 ಮೆಗಾಬಿಟ್‌ನದು, ನೋಡಲು ಥೇಟ್ ಹಾಗೇ ಇರುವ 15 ಪ್ರೊನದು 10 ಗಿಗಾಬಿಟ್‌ನದು, ಅದಕ್ಕೂ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಸಾಲದು.

ಪಕ್ಕದಲ್ಲಿ ಕೂತವರಿಗೆ ಕೊಡಲು ಐಫೋನುಗಳ ನಡುವೆ ಏರ್‌ಡ್ರಾಪ್, ಆಂಡ್ರಾಯ್ಡ್‌ಗಳ ನಡುವೆ ಕ್ವಿಕ್ ಶೇರ್. ಇವೆರಡೂ ಬ್ಲೂಟೂತ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿ, ವೈಫೈನಲ್ಲಿ ಸರಕು ಸಾಗಿಸುತ್ತವೆ. ಗೂಗಲ್‌ನ ನಿಯರ್‌ಬೈ ಶೇರ್ 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಯಿತು. 2025ರ ನವೆಂಬರಿನಲ್ಲಿ ಪಿಕ್ಸೆಲ್ 10 ಫೋನುಗಳಿಂದ ಶುರುವಾಗಿ ಕ್ವಿಕ್ ಶೇರ್ ಏರ್‌ಡ್ರಾಪ್ ಜೊತೆಗೂ ಮಾತಾಡತೊಡಗಿತು. ನಿಮ್ಮ ಫೋನಿಗೆ ಆ ಭಾಗ್ಯ ಇಲ್ಲದಿದ್ದರೆ ಲೋಕಲ್‌ಸೆಂಡ್ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್, ಐಫೋನ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ, ಖಾತೆ ಕೇಳುವುದಿಲ್ಲ, ಇಂಟರ್‌ನೆಟ್ಟೂ ಬೇಡ, ಒಂದೇ ವೈಫೈ ಇದ್ದರಾಯಿತು.

ಒಂದೇ ವೈಫೈನಲ್ಲಿದ್ದೂ ಎರಡು ಯಂತ್ರಗಳು ಒಂದನ್ನೊಂದು ಕಾಣದಿದ್ದರೆ? ಆ್ಯಪನ್ನು ಬೈಯುವ ಮೊದಲು ಇವನ್ನು ನೋಡಿ. ಒಂದು ಯಂತ್ರ ಅತಿಥಿಗಳ ಜಾಲದಲ್ಲಿದೆಯೇ? ಅತಿಥಿ ಜಾಲಗಳು ಸಾಮಾನ್ಯವಾಗಿ ಯಂತ್ರಗಳನ್ನು ಪರಸ್ಪರ ಮರೆಮಾಡುತ್ತವೆ. ವಿಪಿಎನ್ ಆನ್ ಇದೆಯೇ? ವಿಂಡೋಸ್ ಆ ವೈಫೈಯನ್ನು 'ಪಬ್ಲಿಕ್' ಎಂದು ಗುರುತಿಸಿಕೊಂಡು ಫೈರ್‌ವಾಲ್ ಎತ್ತಿ ಹಿಡಿದಿದೆಯೇ? ಐಫೋನಿನಲ್ಲಿ 2020ರ ಐಒಎಸ್ 14ರಿಂದ ಪ್ರತಿ ಆ್ಯಪಿಗೂ 'ಲೋಕಲ್ ನೆಟ್‌ವರ್ಕ್' ಅನುಮತಿ ಬೇರೆಯಾಗಿ ಕೊಡಬೇಕು. ಮೊದಲ ದಿನ ಅವಸರದಲ್ಲಿ 'ಬೇಡ' ಎಂದು ಒತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡುವವರೆಗೂ ಅದು ಕುರುಡು.

ಟಿವಿಗೆ, ಸ್ಪೀಕರಿಗೆ ಕಳಿಸುವ ಬಗ್ಗೆ ಒಂದೇ ಮಾತು. ಬ್ಲೂಟೂತ್ ಸ್ಪೀಕರ್ ಆದರೆ ಹಾಡು ಫೋನಿನಿಂದಲೇ ಹರಿಯುತ್ತದೆ, ಕರೆ ಬಂದರೆ ಹಾಡು ನಿಲ್ಲುತ್ತದೆ. ಟಿವಿಗೆ ಚುಚ್ಚುವ ಗೂಗಲ್‌ನ ಕ್ರೋಮ್‌ಕಾಸ್ಟ್‌ನಲ್ಲಿ ಸ್ಟ್ರೀಮಿಂಗ್ ಹಾಡಾದರೆ ಫೋನು ವಿಳಾಸ ಹೇಳಿ ಪಕ್ಕಕ್ಕೆ ಸರಿಯುತ್ತದೆ, ಟಿವಿಯೇ ಇಂಟರ್‌ನೆಟ್ಟಿನಿಂದ ತಂದುಕೊಳ್ಳುತ್ತದೆ. ನಿಮ್ಮದೇ ಫೋಟೊ ತೋರಿಸುವಾಗ ಮಾತ್ರ ಫೋನು ಎದ್ದೇ ಇರಬೇಕು.

ಹಳೆಯ ಫೋನನ್ನು ಅಳಿಸುವ ಮುನ್ನ

ಹೊಸ ಏರ್ಪಾಡು ಎಷ್ಟೇ ಚೆಂದವಿದ್ದರೂ ಹಳೆಯ ಫೋನನ್ನು ಒಂದು ತಿಂಗಳು ಹಾಗೇ ಇಡಿ. ಆ ತಿಂಗಳಲ್ಲಿ ಕಂಪ್ಯೂಟರಿಗೆ ಬಂದ ಪ್ರತಿಯನ್ನು ತೆರೆದು ನೋಡಿ. ಅತಿ ಹಳೆಯ ಚಿತ್ರ ಯಾವುದು, ಅತಿ ಉದ್ದದ ವಿಡಿಯೊ ಕೊನೆಯವರೆಗೂ ಓಡುತ್ತದೆಯೇ, ಒಂದು ವರ್ಷದ ಒಟ್ಟು ಎಣಿಕೆ ಎರಡೂ ಕಡೆ ಹತ್ತಿರ ಹತ್ತಿರ ಇದೆಯೇ. ಐಫೋನಿನ ಲೈವ್ ಫೋಟೊ ಹೊರಗೆ ಬಂದಾಗ ಒಂದು ಚಿತ್ರ, ಒಂದು ಪುಟ್ಟ ವಿಡಿಯೊ ಎಂದು ಎರಡು ಕಡತವಾಗುತ್ತದೆ. ಎಣಿಕೆ ತಪ್ಪಿದರೆ ಮೊದಲು ಅದನ್ನು ನೆನೆಯಿರಿ. ಗೂಗಲ್‌ನಿಂದ ಹೊರಬರುವವರು ಟೇಕ್‌ಔಟ್ ಬಳಸುತ್ತಾರೆ. ಅಲ್ಲಿ ಪ್ರತಿ ಚಿತ್ರದ ಪಕ್ಕ ಜೇಸನ್ ಎಂಬ ಪುಟ್ಟ ಕಡತ ಬರುತ್ತದೆ, ಕಸ ಎಂದು ಅಳಿಸಬೇಡಿ, ನೀವು ಆ್ಯಪಿನಲ್ಲಿ ತಿದ್ದಿದ ದಿನಾಂಕ, ಬರೆದ ಟಿಪ್ಪಣಿ ಅದರಲ್ಲಿರುತ್ತವೆ.

ಕೊನೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕಂಪ್ಯೂಟರಿನ ಇಂಟರ್‌ನೆಟ್ ತೆಗೆದು, ಕಂಪ್ಯೂಟರಿನಲ್ಲೇ ಮೂರು ವರ್ಷದ ಹಿಂದಿನ ಒಂದು ಫೋಟೊ ತೆರೆಯಿರಿ. ತೆರೆದುಕೊಂಡರೆ ಹಳೆಯ ಫೋನನ್ನು ಅಳಿಸಬಹುದು. ಚಿತ್ರದ ಜಾಗದಲ್ಲಿ ಸುತ್ತುವ ಚಕ್ರ ಕಂಡರೆ ಹಳೆಯ ಫೋನನ್ನು ಡ್ರಾಯರಿಗೆ ವಾಪಸು ಇಟ್ಟು, ಕೇಬಲ್ ಹುಡುಕಿ.